ಸೋಗಾನೆಗೆ ವಿಮಾನ ಬಂತು, ಪೈಲಟ್ ಮನೆಗೆ ಬಂದನಾ?



2025ರ ಡಿಸೆಂಬರ್ ಮೊದಲ ವಾರ ಏನಾಯ್ತು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಇಂಡಿಗೋ ವಿಮಾನಗಳು ಸಾಲು ಸಾಲಾಗಿ ರದ್ದಾದವು. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನ ಹಾರಲಿಲ್ಲ. ಹುಬ್ಬಳ್ಳಿಯಲ್ಲಿ ಆರತಕ್ಷತೆ ಇಟ್ಟುಕೊಂಡಿದ್ದ ನವದಂಪತಿ ಭುವನೇಶ್ವರದಲ್ಲೇ ಸಿಕ್ಕಿಹಾಕಿಕೊಂಡರು. ಮಂಟಪದಲ್ಲಿ ಅಪ್ಪ ಅಮ್ಮ ಕೂತರು, ಮದುಮಕ್ಕಳು ಪರದೆ ಮೇಲೆ ಬಂದು ಕೈ ಮುಗಿದರು. ದೇಶವೇ ಅದನ್ನ ನೋಡಿತು.

ಆ ವಾರ ಪೂರ್ತಿ ಎಲ್ಲ ಚಾನೆಲ್‌ಗಳೂ ಪ್ರಯಾಣಿಕರ ಬಗ್ಗೆ ಮಾತಾಡಿದವು. ಮಾತಾಡಲೇಬೇಕಿತ್ತು. ಆದರೆ ವಿಮಾನದ ಮುಂಭಾಗದಲ್ಲಿ, ಬಾಗಿಲು ಹಾಕಿಕೊಂಡು ಕೂತಿರ್ತಾರಲ್ಲ ಇಬ್ಬರು, ಅವರ ಮನೆ ಬಗ್ಗೆ ಯಾರೂ ಕೇಳಲಿಲ್ಲ. ಇವತ್ತು ಅದನ್ನ ಕೇಳೋಣ. ಅದೂ ಶಿವಮೊಗ್ಗ, ಭದ್ರಾವತಿಯಿಂದಲೇ ಕೇಳೋಣ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೊದಲು ಸೋಗಾನೆ. 2023ರ ಫೆಬ್ರವರಿ 27ರಂದು ಪ್ರಧಾನಿ ಬಂದು ಶಿವಮೊಗ್ಗ ವಿಮಾನ ನಿಲ್ದಾಣ ಉದ್ಘಾಟನೆ ಮಾಡಿದರು. ರಾಷ್ಟ್ರಕವಿ ಕುವೆಂಪು ಅವರ ಹೆಸರಿನ ನಿಲ್ದಾಣ. 3,200 ಮೀಟರ್ ರನ್‌ವೇ. ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಇಂಡಿಗೋದ ಎಟಿಆರ್, ಎಪ್ಪತ್ತಕ್ಕೂ ಹೆಚ್ಚು ಸೀಟಿನ ಪ್ರೊಪೆಲ್ಲರ್ ವಿಮಾನ. ಆಮೇಲೆ ಸ್ಟಾರ್ ಏರ್ ಬಂತು, ಹೈದರಾಬಾದ್, ತಿರುಪತಿ, ಗೋವಾ ಅಂತ ದಾರಿ ತೆರೀತು. ಮಲೆನಾಡಿನವರಿಗೆ ಇದು ಸಣ್ಣ ವಿಷಯ ಅಲ್ಲ. ಬೆಂಗಳೂರಿನ ಆಸ್ಪತ್ರೆಗೆ ಹೋಗಬೇಕಾದವರು, ಊರಲ್ಲಿ ಅಪ್ಪ ಅಮ್ಮನ್ನ ಬಿಟ್ಟು ದೂರ ಇರೋ ಮಕ್ಕಳು, ಎಲ್ಲರಿಗೂ ಅನುಕೂಲ ಆಯ್ತು.

ಸರಿ. ಆ ವಿಮಾನ ಓಡಿಸೋನ ದಿನ ಹೇಗಿರುತ್ತೆ ಗೊತ್ತಾ?

ದೊಡ್ಡ ವಿಮಾನದ ಪೈಲಟ್ ದೆಹಲಿಯಿಂದ ಹೊರಟರೆ ಲಂಡನ್‌ನಲ್ಲಿ ಇಳೀತಾನೆ. ಒಂದು ಹಾರಿಕೆ, ಒಂದು ಇಳಿಕೆ. ನಮ್ಮ ಸಣ್ಣ ಊರುಗಳಿಗೆ ಬರೋ ವಿಮಾನದ ಪೈಲಟ್‌ದು ಹಾಗಲ್ಲ. ಒಂದು ಗಂಟೆ ಹಾರಿದ್ರೆ ಒಂದು ಊರು. ಇಳಿದು, ಜನರನ್ನ ಇಳಿಸಿ, ಹತ್ತಿಸಿಕೊಂಡು, ಅರ್ಧ ಗಂಟೆಯಲ್ಲಿ ಮತ್ತೆ ಹೊರಡಬೇಕು. ದಿನಕ್ಕೆ ನಾಲ್ಕು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು. ವಿಮಾನದಲ್ಲಿ ಅತಿ ಹೆಚ್ಚು ಗಮನ ಬೇಡುವ ಹೊತ್ತು ಅಂದರೆ ಏರುವುದು ಮತ್ತು ಇಳಿಯುವುದು. ಅದು ಇವರಿಗೆ ಜಾಸ್ತಿ. ಮಲೆನಾಡಿನ ಮಳೆ, ಮೋಡ, ಬೆಳಗಿನ ಮಂಜು ಬೇರೆ.

ಇನ್ನು ಸಂಬಳದ ಲೆಕ್ಕ. ಬಹುತೇಕ ಕಂಪನಿಗಳಲ್ಲಿ ಇಷ್ಟು ಗಂಟೆಗೆ ಇಷ್ಟು ಅಂತ ಒಂದು ಖಾತ್ರಿ ಮೊತ್ತ, ಅದರ ಮೇಲೆ ಹಾರಿದ ಗಂಟೆಗೆ ದುಡ್ಡು. ನಿಲ್ದಾಣದಲ್ಲಿ ಕಾಯೋದು, ಹವಾಮಾನ ಸರಿಯಾಗಲಿ ಅಂತ ಕೂರೋದು, ಇದ್ಯಾವುದೂ ಹಾರಾಟದ ಗಂಟೆ ಅಲ್ಲ. ಹತ್ತು ಗಂಟೆ ಮನೆಯಿಂದ ಹೊರಗಿದ್ದು ದುಡಿದರೂ ಹಾರಾಟದ ಲೆಕ್ಕಕ್ಕೆ ಸಿಗೋದು ನಾಲ್ಕೈದು ಗಂಟೆ ಅಷ್ಟೇ. ಸಣ್ಣ ದಾರಿಯ ಪೈಲಟ್‌ಗೆ ಇದು ದಿನಾ ಬೀಳೋ ಪೆಟ್ಟು.

ಈಗ ನಿಯಮದ ವಿಷಯಕ್ಕೆ ಬರೋಣ. ಪೈಲಟ್ ಎಷ್ಟು ಹೊತ್ತು ಕೆಲಸ ಮಾಡಬಹುದು, ಎಷ್ಟು ಹೊತ್ತು ಮಲಗಬೇಕು ಅನ್ನೋದನ್ನ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ ನಿರ್ಧರಿಸುತ್ತೆ. 2024ರ ಜನವರಿಯಲ್ಲಿ ಅದು ಹೊಸ ನಿಯಮ ಪ್ರಕಟಿಸಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿ ಪಾಳಿಯಲ್ಲಿ ಆರು ಇಳಿಕೆಗೆ ಅವಕಾಶ ಇದ್ದದ್ದು ಎರಡಕ್ಕೆ ಬಂತು. 2024ರ ಜೂನ್‌ನಲ್ಲೇ ಜಾರಿ ಆಗಬೇಕಿತ್ತು. ಕಂಪನಿಗಳು ಆಗಲ್ಲ ಅಂದವು, ಮುಂದೂಡಿದರು. ಪೈಲಟ್‌ಗಳು ದೆಹಲಿ ಹೈಕೋರ್ಟ್‌ಗೆ ಹೋದರು. ಕೊನೆಗೆ 2025ರ ಜುಲೈ 1ಕ್ಕೆ ಒಂದು ಭಾಗ, ನವೆಂಬರ್ 1ಕ್ಕೆ ಉಳಿದ ಭಾಗ ಜಾರಿಗೆ ಬಂತು.

ಪ್ರಕಟವಾಗಿ ಇಪ್ಪತ್ತೆರಡು ತಿಂಗಳು, ಸ್ವಾಮಿ! ಅಷ್ಟು ಕಾಲಾವಕಾಶ ಇದ್ದೂ ದೇಶದ ಅತಿ ದೊಡ್ಡ ವಿಮಾನ ಕಂಪನಿ ಬೇಕಾದಷ್ಟು ಪೈಲಟ್‌ಗಳನ್ನ ಸಿದ್ಧ ಮಾಡಿಕೊಂಡಿರಲಿಲ್ಲ. ವಿಮಾನ ನಿಂತವು. ಜನ ಬೀದಿಗೆ ಬಿದ್ದರು. ಆಗ ಸರ್ಕಾರ ಏನು ಮಾಡ್ತು? ರಾತ್ರಿ ಹಾರಾಟದ ನಿಯಮಗಳಿಂದ ಇಂಡಿಗೋಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಕೊಟ್ಟಿತು. ಇನ್ನೊಂದು ಸಾಲನ್ನೂ ಹಿಂದಕ್ಕೆ ತಗೊಂಡಿತು. ಅದನ್ನ ಬಹಳ ಜನ ಗಮನಿಸಲಿಲ್ಲ. ವಾರದ ವಿಶ್ರಾಂತಿಯ ಬದಲಿಗೆ ರಜೆಯನ್ನ ಎಣಿಸಬಾರದು ಅನ್ನೋ ಸಾಲು ಅದು. ಅದು ಹೋಯ್ತು. ಅದೂ ಒಂದು ಕಂಪನಿಗೆ ಮಾತ್ರ ಅಲ್ಲ, ಎಲ್ಲ ಕಂಪನಿಗಳಿಗೂ.

ಇದರ ಅರ್ಥ ಏನು ಗೊತ್ತಾ? ಮಗಳ ಶಾಲಾ ವಾರ್ಷಿಕೋತ್ಸವಕ್ಕೆ, ಅಪ್ಪನ ತಿಥಿಗೆ, ತಂಗಿಯ ಮದುವೆಗೆ ಅಂತ ಪೈಲಟ್ ಎರಡು ದಿನ ರಜೆ ಹಾಕ್ತಾನೆ ಅಂದುಕೊಳ್ಳಿ. ಮದುವೆ ಮನೆಯಲ್ಲಿ ಓಡಾಡಿ, ಊಟ ಬಡಿಸಿ, ನಿದ್ದೆಗೆಟ್ಟು ಬರ್ತಾನೆ. ಕಂಪನಿ ಹೇಳಬಹುದು: ನಿಮ್ಮ ವಾರದ ವಿಶ್ರಾಂತಿ ಮುಗೀತು, ಬನ್ನಿ, ವಿಮಾನ ಹತ್ತಿ. ರಜೆ ಅವನ ಮನೆಯವರ ಪಾಲು. ವಿಶ್ರಾಂತಿ ಅವನ ದೇಹದ ಪಾಲು, ಹಿಂದೆ ಕೂತ ಎಪ್ಪತ್ತು ಜನರ ಪಾಲು. ಎರಡನ್ನೂ ಒಂದೇ ಖಾತೆಗೆ ಬರೆದುಬಿಟ್ಟರೆ ಹೇಗೆ?

ತಪ್ಪು ಲೆಕ್ಕ ಹಾಕಿದ್ದು ಆಡಳಿತ ಮಂಡಳಿ. ಬಿಟ್ಟುಕೊಡಬೇಕಾಗಿ ಬಂದದ್ದು ಪೈಲಟ್. ಇದು ಇವತ್ತಿನ ಕಥೆ ಅಲ್ಲ, ಪ್ರತಿ ಸಲವೂ ಹೀಗೇ.

ಕಿಂಗ್‌ಫಿಷರ್ ನೆನಪಿದೆಯಾ? ನಮ್ಮ ಬೆಂಗಳೂರಿನದೇ ಕಂಪನಿ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಶುರು ಮಾಡಿದ ಏರ್ ಡೆಕ್ಕನ್ ಕೂಡ ಕೊನೆಗೆ ಅದರ ಹೊಟ್ಟೆಗೇ ಹೋಯ್ತು. 2012ರಲ್ಲಿ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಇಲ್ಲ. ಸ್ವಲ್ಪ ತಡ್ಕೊಳ್ಳಿ, ಕಂಪನಿ ಉಳೀಲಿ ಅಂದರು. ತಡ್ಕೊಂಡರು. ಆ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ನೌಕರರೊಬ್ಬರ ಪತ್ನಿ ಪ್ರಾಣ ಕಳಕೊಂಡರು. ಮನೆಯ ಹಣದ ಸಂಕಷ್ಟದ ಮಾತು ಎಲ್ಲ ಪತ್ರಿಕೆಗಳಲ್ಲೂ ಬಂತು. ಅದೇ ತಿಂಗಳು ಕಂಪನಿಯ ಪರವಾನಗಿಯೂ ಅಮಾನತಾಯಿತು. ಸಂಬಳವೂ ಇಲ್ಲ, ಕಂಪನಿಯೂ ಇಲ್ಲ.

ಆಮೇಲೆ ಜೆಟ್ ಏರ್‌ವೇಸ್. 2018ರಲ್ಲಿ ಸಂಬಳ ಕಡಿತಕ್ಕೆ ಒಪ್ಪಿ ಅಂತ ನೌಕರರನ್ನ ಕೇಳಿದರು. ಆಮೇಲೆ ಸಂಬಳ ತಡವಾಯ್ತು, ಆಮೇಲೆ ನಿಂತೇ ಹೋಯ್ತು. 2019ರ ಏಪ್ರಿಲ್ 17ರ ರಾತ್ರಿ ಕೊನೆಯ ವಿಮಾನ. ಕೋವಿಡ್ ಬಂದಾಗ ಇಂಡಿಗೋ ಪೈಲಟ್‌ಗಳ ಸಂಬಳ ಶೇಕಡ 30ರವರೆಗೂ ಇಳಿಯಿತು. 2022ರ ಏಪ್ರಿಲ್‌ನಲ್ಲಿ ವಾಪಸ್ ಕೊಟ್ಟದ್ದು ಶೇಕಡ 8. ಮುಷ್ಕರದ ಯೋಚನೆ ಮಾಡಿದ ಕೆಲವರನ್ನ ಅಮಾನತಿನಲ್ಲಿಟ್ಟರು.

ಹಾಗಾದರೆ ಬಿಟ್ಟು ಹೋಗಬಹುದಲ್ಲ ಅಂತೀರಾ? ಅದಕ್ಕೂ ನಿಯಮ ಇದೆ. 2017ರಲ್ಲಿ ಡಿಜಿಸಿಎ ತಂದ ನಿಯಮದ ಪ್ರಕಾರ ಕೆಲಸ ಬಿಡಬೇಕಾದರೆ ಕಮಾಂಡರ್ ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು, ಸಹ ಪೈಲಟ್ ಆರು ತಿಂಗಳು. ಒಮ್ಮೆಗೇ ಎದ್ದು ಹೋದರೆ ಪ್ರಯಾಣಿಕರು ನಡುದಾರಿಯಲ್ಲಿ ನಿಲ್ತಾರೆ, ಅದೂ ನಿಜ. ಆದರೆ ನೋಡಿ, ಪೈಲಟ್ ಹೋಗಬೇಕಾದರೆ ಒಂದು ವರ್ಷ. ಅವನ ಸಂಬಳ ಕತ್ತರಿಸಬೇಕಾದರೆ ಒಂದು ಇಮೇಲ್ ಸಾಕು.

ಈಗ ಭದ್ರಾವತಿ ವಿಷಯ ಹೇಳ್ತೀನಿ. ಸೋಗಾನೆ ಇರೋದು ಶಿವಮೊಗ್ಗ, ಭದ್ರಾವತಿ ಎರಡೂ ಊರಿನ ನಡುವೆ. ಅಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆಗೆ ಶಾಮಿಯಾನ ಕಟ್ಟುತ್ತಿದ್ದಾಗ ಇಲ್ಲಿ ವಿಐಎಸ್‌ಎಲ್ ಗುತ್ತಿಗೆ ಕಾರ್ಮಿಕರು ಧರಣಿ ಕೂತಿದ್ದರು. 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿದ್ದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಹುಟ್ಟಿದ, ಸರ್ ಎಂ. ವಿಶ್ವೇಶ್ವರಯ್ಯನವರು ಕಟ್ಟಿ ನಿಲ್ಲಿಸಿದ ಕಾರ್ಖಾನೆ. ಎಂಪಿಎಂನಲ್ಲಿ ಯಂತ್ರ ನಿಂತು ಅಷ್ಟರಲ್ಲಾಗಲೇ ವರ್ಷಗಳಾಗಿದ್ದವು. ಅದೇ ಆಗಸ್ಟ್‌ನಲ್ಲಿ ವಿಐಎಸ್‌ಎಲ್‌ನ ಬಾರ್ ಮಿಲ್ ಮತ್ತೆ ಶುರುವಾಯ್ತು. ಆದರೆ ಊರಿನ ಆತಂಕ ಹೋಗಲಿಲ್ಲ.

ನ್ಯೂಟೌನ್‌ನಲ್ಲಿ, ಪೇಪರ್‌ಟೌನ್‌ನಲ್ಲಿ ಯಾವ ಮನೆಯ ಬಾಗಿಲು ತಟ್ಟಿ ಕೇಳಿ, ಬಿಟ್ಟುಕೊಡೋದು ಅಂದರೆ ಏನು ಅಂತ ಅವರು ಪಾಠ ಮಾಡ್ತಾರೆ. ಕಾಯಂ ಹುದ್ದೆ ಹೋಗಿ ಗುತ್ತಿಗೆ ಬಂತು, ಒಪ್ಪಿಕೊಂಡರು. ಸಿಕ್ಕಷ್ಟು ದಿನ ಕೆಲಸ ಅಂದರು, ಒಪ್ಪಿಕೊಂಡರು. ಸ್ವಯಂ ನಿವೃತ್ತಿ ತಗೊಳ್ಳಿ ಅಂದರು, ತಗೊಂಡರು. ಎಲ್ಲದಕ್ಕೂ ಸಹಿ ಹಾಕಿದ್ದು ಗಂಡಸು. ಆ ಸಹಿಯ ಜೊತೆ ಬದುಕಿದ್ದು ಮನೆಯೊಡತಿ. ಮಗನ ಫೀಸು ಎರಡು ಕಂತಾಯಿತು, ಮಗಳ ಮದುವೆ ಮುಂದಕ್ಕೆ ಹೋಯ್ತು, ದುಡಿಯೋ ಹುಡುಗರು ಬೆಂಗಳೂರಿನ ರೈಲು ಹತ್ತಿದರು.

ಪೈಲಟ್‌ಗೂ ಕಾರ್ಖಾನೆಯ ಗುತ್ತಿಗೆ ಕಾರ್ಮಿಕನಿಗೂ ಎಲ್ಲಿಯ ಹೋಲಿಕೆ, ಅವರಿಗೆ ಲಕ್ಷಗಟ್ಟಲೆ ಸಂಬಳ ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ದುಡ್ಡಿನಲ್ಲಿ ಹೋಲಿಕೆ ಇಲ್ಲ, ಒಪ್ಪುತ್ತೇನೆ. ಆದರೆ ಪೈಲಟ್ ಆಗೋಕೆ ಎಷ್ಟು ಖರ್ಚು? ಪರವಾನಗಿಗೆ 200 ಗಂಟೆ ಹಾರಬೇಕು, ಆಮೇಲೆ ಎಟಿಆರ್ ಓಡಿಸಬೇಕಾದರೆ ಅದಕ್ಕೇ ಬೇರೆ ತರಬೇತಿ. ಎಲ್ಲ ಸೇರಿ ಹತ್ತಾರು ಲಕ್ಷ. ಮಧ್ಯಮ ವರ್ಗದ ಅಪ್ಪ ತೋಟವನ್ನೋ ಮನೆಯನ್ನೋ ಅಡ ಇಟ್ಟು ಸಾಲ ತರ್ತಾನೆ. ಹೊಸ ಹುಡುಗನ ಸಂಬಳದಲ್ಲಿ ಮೊದಲ ಪಾಲು ಬ್ಯಾಂಕಿಗೆ. ಸಂಬಳ ಕಡಿತ ಆದರೆ ಕಂತು ಕಡಿತ ಆಗಲ್ಲ. ಮನೆಯಲ್ಲಿ ಹೆಂಡತಿ ಒಬ್ಬಳೇ ಆಸ್ಪತ್ರೆಗೂ ಓಡಬೇಕು, ಶಾಲೆಗೂ ಓಡಬೇಕು. ಹಬ್ಬದ ದಿನ ಅವನ ಪಾಳಿ ಎಲ್ಲಿ ಅಂತ ರೋಸ್ಟರ್ ಹೇಳುತ್ತೆ, ಪಂಚಾಂಗ ಹೇಳಲ್ಲ.

ದಣಿದ ಪೈಲಟ್ ಅವನ ಮನೆಯ ಸಮಸ್ಯೆ, ನಮಗೇನು ಅನ್ನುವವರಿಗೆ ಒಂದು ಘಟನೆ ಹೇಳ್ತೀನಿ. 2009ರ ಫೆಬ್ರವರಿ 12, ಅಮೆರಿಕದ ಬಫಲೋ. ಕೋಲ್ಗನ್ ಏರ್ ಅನ್ನೋ ಸಣ್ಣ ಪ್ರಾದೇಶಿಕ ಕಂಪನಿಯ ವಿಮಾನ, ನಮ್ಮ ಎಟಿಆರ್ ಥರದ್ದೇ ಪ್ರೊಪೆಲ್ಲರ್ ವಿಮಾನ, ಮನೆಯೊಂದರ ಮೇಲೆ ಬಿತ್ತು. 50 ಜನ ಸತ್ತರು. ತನಿಖೆಯಲ್ಲಿ ಏನು ಗೊತ್ತಾಯ್ತು? ಸಹ ಪೈಲಟ್ ಆಗಿದ್ದ ಹೆಣ್ಣುಮಗಳ ಸಂಬಳ ವರ್ಷಕ್ಕೆ ಸುಮಾರು 16 ಸಾವಿರ ಡಾಲರ್. ಕೆಲಸದ ಊರಲ್ಲಿ ಮನೆ ಮಾಡೋಕೆ ಆಗದೆ ಅಪ್ಪ ಅಮ್ಮನ ಜೊತೆ ಸಿಯಾಟಲ್ ಹತ್ತಿರ ಇದ್ದರು. ದೇಶದ ಆ ತುದಿಯಿಂದ ಈ ತುದಿಗೆ ರಾತ್ರಿಯಿಡೀ ಪ್ರಯಾಣ ಮಾಡಿ ಕೆಲಸಕ್ಕೆ ಬಂದಿದ್ದರು. ಕ್ಯಾಪ್ಟನ್ ಸಿಬ್ಬಂದಿ ಕೊಠಡಿಯಲ್ಲೇ ರಾತ್ರಿ ಕಳೆದಿದ್ದರು. ಅಪಘಾತಕ್ಕೆ ಮುಖ್ಯ ಕಾರಣ ಕ್ಯಾಪ್ಟನ್ ಮಾಡಿದ ತಪ್ಪು ಅಂತ ತನಿಖಾಧಿಕಾರಿಗಳು ಬರೆದರು. ದಣಿವೂ ಇಬ್ಬರ ಮೇಲೆ ಪರಿಣಾಮ ಬೀರಿರಬಹುದು, ಎಷ್ಟು ಅಂತ ಅಳೆಯೋಕೆ ಆಗಲ್ಲ ಅಂತಲೂ ಬರೆದರು. ಸತ್ತವರ ಮನೆಯವರು ಸಂಸತ್ತಿನ ಬಾಗಿಲಿಗೆ ಹೋಗಿ ನಿಂತರು. 2010ರಲ್ಲಿ ಕಾನೂನು ಬದಲಾಯಿತು. 2014ರಿಂದ ಪ್ರಯಾಣಿಕ ವಿಮಾನದ ಪೈಲಟ್‌ಗೆ ಎರಡು ಪಾಳಿಯ ನಡುವೆ ಕನಿಷ್ಠ 10 ಗಂಟೆ ವಿಶ್ರಾಂತಿ, ಅದರಲ್ಲಿ 8 ಗಂಟೆ ಮಲಗೋಕೆ ಅವಕಾಶ ಕಡ್ಡಾಯ.

ನಿಯಮ ಬರೋಕೆ 50 ಹೆಣ ಬೇಕಾಯ್ತು. ನಮಗೂ ಹಾಗೇ ಆಗಬೇಕಾ?

ಕಂಪನಿಗಳ ಕಷ್ಟವನ್ನೂ ಹೇಳಬೇಕು, ಇಲ್ಲದಿದ್ದರೆ ಮಾತು ಒಂದು ಕಡೆಗೆ ವಾಲುತ್ತೆ. ಸಣ್ಣ ಊರಿಗೆ ವಿಮಾನ ಓಡಿಸೋದು ಲಾಭದ ಕೆಲಸ ಅಲ್ಲ. ಇಂಧನದ ಬೆಲೆ, ಬಾಡಿಗೆ ವಿಮಾನ, ಅರ್ಧ ತುಂಬದ ಸೀಟು. ಒಂದು ಗಂಟೆಯ ಹಾರಾಟಕ್ಕೆ ಸುಮಾರು 2,500 ರೂಪಾಯಿ ಅನ್ನೋ ಮಾತಿನ ಮೇಲೇ ಉಡಾನ್ ಯೋಜನೆ ಬಂತು. ಆ ಟಿಕೆಟ್ ನಮಗೂ ಇಷ್ಟ. ಕೋವಿಡ್‌ನಂಥ ಕಾಲ ಬಂದಾಗ ಎಲ್ಲರೂ ಸ್ವಲ್ಪ ಬಿಟ್ಟುಕೊಡಬೇಕಾಗುತ್ತೆ. ಕಂಪನಿ ಮುಳುಗಿದರೆ ಸಂಬಳ ಎಲ್ಲಿಂದ ಬರುತ್ತೆ?

ಹಾಗಾದರೆ ಬಿಟ್ಟುಕೊಡೋದಕ್ಕೂ ಒಂದು ಕ್ರಮ ಇರಲಿ. ಮೊದಲನೇದು, ಸಂಬಳ ಕಡಿತದ ಕಾಗದದಲ್ಲಿ ವಾಪಸ್ ಕೊಡುವ ತಾರೀಕೂ ಇರಲಿ. ಸಾಲ ಕೊಡುವ ಬ್ಯಾಂಕು ತಾರೀಕಿಲ್ಲದೆ ಕೊಡುತ್ತಾ? ನೌಕರ ಕೊಟ್ಟದ್ದೂ ಸಾಲವೇ. ಎರಡನೇದು, ಕಡಿತ ಮೇಲಿನಿಂದ ಶುರುವಾಗಲಿ. ಮೂರನೇದು, ನಿದ್ದೆಯನ್ನ ಚೌಕಾಸಿಗೆ ತರಬೇಡಿ. ಸಂಬಳ ಅವನದು, ಅವನು ಬಿಟ್ಟುಕೊಡಬಹುದು. ವಿಶ್ರಾಂತಿ ಅವನೊಬ್ಬನದಲ್ಲ, ಅವನು ಬಿಟ್ಟುಕೊಡೋ ಹಾಗೂ ಇಲ್ಲ, ಸರ್ಕಾರ ಬಿಟ್ಟುಕೊಡೋ ಹಾಗೂ ಇಲ್ಲ. ರಜೆಯನ್ನ ವಿಶ್ರಾಂತಿಯ ಲೆಕ್ಕಕ್ಕೆ ಸೇರಿಸಬಾರದು ಅನ್ನೋ ಆ ಸಾಲು ವಾಪಸ್ ಬರಬೇಕು.

ಶಿವಮೊಗ್ಗದ ಜನ ವಿಮಾನ ಬೇಕು ಅಂತ ವರ್ಷಗಟ್ಟಲೆ ಕೇಳಿದರು, ಬಂತು. ಭದ್ರಾವತಿಯ ಜನ ಕಾರ್ಖಾನೆ ಉಳಿಸಿ ಅಂತ ಕೇಳ್ತಾ ಇದ್ದಾರೆ. ಎರಡೂ ನ್ಯಾಯವಾದ ಬೇಡಿಕೆ. ಉದ್ಘಾಟನೆಗೆ, ಭರವಸೆಗೆ ದೊಡ್ಡವರೆಲ್ಲ ಬರ್ತಾರೆ. ಒಪ್ಪಂದದ ಮೇಜಿನ ಮುಂದೆ ಮಾಲೀಕ ಇರ್ತಾನೆ, ಅಧಿಕಾರಿ ಇರ್ತಾನೆ, ಸಂಘದ ಮುಖಂಡ ಇರ್ತಾನೆ. ಮನೆಯವರಿಗೆ ಅಲ್ಲಿ ಕುರ್ಚಿ ಇರಲ್ಲ. ಬಿಲ್ಲು ಮಾತ್ರ ಅವರ ಹೆಸರಿಗೇ ಬರುತ್ತೆ.

ಮುಂದಿನ ಸಲ ಸೋಗಾನೆಯಲ್ಲಿ ವಿಮಾನ ಇಳಿದಾಗ ಟಿಕೆಟ್ ಎಷ್ಟಾಯ್ತು ಅಂತ ಕೇಳಿ, ತಪ್ಪಿಲ್ಲ. ಓಡಿಸಿದವನು ನಿನ್ನೆ ರಾತ್ರಿ ಮಲಗಿದ್ದನಾ ಅಂತಲೂ ಕೇಳಿ. ಆ ಪ್ರಶ್ನೆ ನಿಮ್ಮ ಜೀವದ್ದು.