ಮರದ ಕುದುರೆ ಯಾರದ್ದು?



ದೊಡ್ಡ ಬಂಡವಾಳದ ವಿಜ್ಞಾನ ಕಥೆಯ ಸಿನಿಮಾ ಒಂದರ ಎರಡನೇ ಭಾಗವನ್ನು ಆರಿಸಿಕೊಂಡು ಅದರ ಬಲಾಬಲಗಳನ್ನು ನೋಡೋಣ ಎಂದು ಸಂಘದವರು ಹೇಳಿದಾಗ ನಾನು ಹೆಚ್ಚು ಯೋಚಿಸಲಿಲ್ಲ. 'ಬ್ಲೇಡ್ ರನ್ನರ್ 2049' ಎಂದೆ. 2017ರ ಅಕ್ಟೋಬರಿನಲ್ಲಿ ಇದು ಬಿಡುಗಡೆಯಾದ ವಾರವೇ ನೋಡಿದವನು ನಾನು. ಅರ್ಧಕ್ಕಿಂತ ಹೆಚ್ಚು ಕುರ್ಚಿಗಳು ಖಾಲಿ ಇದ್ದವು. ಸಿನಿಮಾ ಮುಗಿದು ಹೊರಗೆ ಬಂದು ಬಸ್ಸಿಗೆ ಕಾಯುವಾಗ, ಮನಸ್ಸಿನಲ್ಲಿ ಎರಡು ವಿಷಯ ಒಟ್ಟಿಗೇ ಇದ್ದವು. ಇಂಥದ್ದನ್ನು ಹಿಂದೆಂದೂ ನೋಡಿರಲಿಲ್ಲ ಎಂಬುದು ಒಂದು. ಈ ಸಿನಿಮಾ ತನ್ನ ಅತ್ಯುತ್ತಮ ಮಾತಿಗೆ ತಾನೇ ಪೂರ್ತಿ ನಿಷ್ಠವಾಗಿ ಉಳಿಯಲಿಲ್ಲ ಎಂಬುದು ಇನ್ನೊಂದು. ಆಮೇಲೆ ಐದಾರು ಸಲ ನೋಡಿದ್ದೇನೆ. ಎರಡೂ ಅಭಿಪ್ರಾಯ ಹಾಗೆಯೇ ಉಳಿದಿವೆ.

ಮೊದಲನೆಯ ಚಿತ್ರ ನೋಡದವರಿಗಾಗಿ ನಾಲ್ಕು ಮಾತು. ಫಿಲಿಪ್ ಕೆ. ಡಿಕ್ 1968ರಲ್ಲಿ ಬರೆದ ಕಾದಂಬರಿಯನ್ನು ಆಧರಿಸಿ ರಿಡ್ಲಿ ಸ್ಕಾಟ್ 1982ರಲ್ಲಿ 'ಬ್ಲೇಡ್ ರನ್ನರ್' ಮಾಡಿದರು. ಡಿಕ್ ಅದೇ ವರ್ಷ ಮಾರ್ಚಿನಲ್ಲಿ ತೀರಿಕೊಂಡರು. ಜೂನಿನಲ್ಲಿ ಚಿತ್ರ ತೆರೆಗೆ ಬಂದಾಗ ಅವರಿರಲಿಲ್ಲ. ಕಥೆಯ ಕಾಲ 2019, ಜಾಗ ಲಾಸ್ ಏಂಜಲೀಸ್. ರೆಪ್ಲಿಕೆಂಟ್ ಎಂದರೆ ಕಂಪನಿಯೊಂದು ತಯಾರಿಸಿದ, ನೋಟಕ್ಕೆ ಮನುಷ್ಯರಿಂದ ಬೇರ್ಪಡಿಸಲಾಗದ ಜೀವ. ಬೇರೆ ಗ್ರಹಗಳಲ್ಲಿ ಜೀತ ಮಾಡುವುದು ಅವರ ಪಾಡು. ತಪ್ಪಿಸಿಕೊಂಡು ಭೂಮಿಗೆ ಬಂದವರನ್ನು ಹುಡುಕಿ ಕೊಲ್ಲುವ ಪೊಲೀಸರೇ ಬ್ಲೇಡ್ ರನ್ನರ್‌ಗಳು. ಕೊಲ್ಲುವುದಕ್ಕೆ ಆ ಇಲಾಖೆಯ ಭಾಷೆಯಲ್ಲಿ 'ನಿವೃತ್ತಿ' ಎನ್ನುತ್ತಾರೆ. ಕೊಲ್ಲಲು ಬಂದ ಡೆಕರ್ಡ್‌ನನ್ನು ಕೊನೆಯ ಗಳಿಗೆಯಲ್ಲಿ ಕೈಹಿಡಿದು ಎತ್ತಿ ಬದುಕಿಸಿ, ಮಳೆಯಲ್ಲಿ ಕೂತು ತಾನು ಸಾಯುವ ರೆಪ್ಲಿಕೆಂಟ್ ಆ ಚಿತ್ರದ ಶಿಖರ. ಆ ಪಾತ್ರ ರಟ್ಗರ್ ಹೌವರ್ ಅವರದ್ದು.

ಆ ಚಿತ್ರ ಬಿಡುಗಡೆಯಾದಾಗ ಓಡಲಿಲ್ಲ. ಎರಡು ವಾರ ಮುಂಚೆಯೇ ಸ್ಪೀಲ್‌ಬರ್ಗ್ ಅವರ 'ಇ.ಟಿ.' ಬಂದಿತ್ತು, ಅಮೆರಿಕದ ಮನೆಮಂದಿಯೆಲ್ಲ ಅಲ್ಲಿದ್ದರು. ಅರ್ಥವಾಗಲಿಕ್ಕಿಲ್ಲ ಎಂದು ಬಂಡವಾಳ ಹಾಕಿದವರು ನಾಯಕನ ದನಿಯಲ್ಲಿ ವಿವರಣೆ ತುಂಬಿಸಿದ್ದರು, ಕೊನೆಗೊಂದು ಸುಖಾಂತ್ಯ ಅಂಟಿಸಿದ್ದರು. 1992ರಲ್ಲೊಮ್ಮೆ, 2007ರಲ್ಲಿ ಇನ್ನೊಮ್ಮೆ ಹೊಸ ಸಂಕಲನಗಳು ಹೊರಬಂದವು. ಜನ ವಿಡಿಯೊ ಕ್ಯಾಸೆಟ್ಟಿನಲ್ಲಿ, ತಡರಾತ್ರಿಯ ಟೀವಿಯಲ್ಲಿ ನೋಡಿ ನೋಡಿ ಅದನ್ನು ದೊಡ್ಡದು ಮಾಡಿದರು. ಹೀಗೆ ನಿಧಾನವಾಗಿ ಹಿರಿಮೆ ಗಳಿಸಿದ ಕೃತಿಗೆ 35 ವರ್ಷಗಳ ಬಳಿಕ ಮುಂದಿನ ಭಾಗ ಮಾಡುವುದೆಂದರೆ ಸಣ್ಣ ಸಾಹಸವಲ್ಲ. ಒಪ್ಪಿಕೊಂಡವರು ಕೆನಡಾದ ಕ್ವಿಬೆಕ್‌ನವರಾದ ಡೆನಿ ವಿಲ್ನವ್. ಚಿತ್ರಕಥೆಗೆ ಮೂಲ ಚಿತ್ರದ ಲೇಖಕರಲ್ಲಿ ಒಬ್ಬರಾದ ಹ್ಯಾಂಪ್ಟನ್ ಫ್ಯಾಂಚರ್, ಜೊತೆಗೆ ಮೈಕೆಲ್ ಗ್ರೀನ್. ವೆಚ್ಚ 15 ಕೋಟಿ ಡಾಲರಿಗೂ ಮೇಲೆ.

ಇನ್ನು ಆ ಅತ್ಯುತ್ತಮ ಮಾತು ಯಾವುದು ಎಂಬ ವಿಷಯಕ್ಕೆ ಬರುತ್ತೇನೆ.

ಮೊದಲ ಚಿತ್ರ ನಮ್ಮನ್ನು ಒಂದು ಅನುಮಾನದಲ್ಲಿ ಇಟ್ಟಿತ್ತು: ಡೆಕರ್ಡ್ ಮನುಷ್ಯನೋ, ಅವನೂ ರೆಪ್ಲಿಕೆಂಟೋ? ಎರಡನೆಯ ಚಿತ್ರದ ನಾಯಕ ಕೆ. ಆ ಪಾತ್ರದಲ್ಲಿ ರಯನ್ ಗಾಸ್ಲಿಂಗ್ ಇದ್ದಾರೆ. ಇವನ ಬಗ್ಗೆ ಅನುಮಾನಕ್ಕೆ ಎಡೆಯೇ ಇಲ್ಲ. ಇವನು ರೆಪ್ಲಿಕೆಂಟ್, ಅದು ಅವನಿಗೂ ಗೊತ್ತು, ಠಾಣೆಯ ಓಣಿಯಲ್ಲಿ ಅವನನ್ನು ಬೈಯುವ ಮನುಷ್ಯರಿಗೂ ಗೊತ್ತು. ತನ್ನಂಥವರನ್ನೇ ಕೊಲ್ಲುವುದು ಅವನ ನೌಕರಿ. ಬಾಲ್ಯದ ನೆನಪುಗಳಿವೆ, ಆದರೆ ಅವು ಯಾರೋ ಕೂರಿಸಿದ ನೆನಪುಗಳು ಎಂಬುದೂ ಅವನಿಗೆ ತಿಳಿದಿದೆ. ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳಿ ಗೆಲ್ಲುವ ಸುಲಭದ ದಾರಿಯನ್ನು ವಿಲ್ನವ್ ಮೊದಲ ಹತ್ತು ನಿಮಿಷದಲ್ಲೇ ಮುಚ್ಚಿಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಇದು ಈ ಚಿತ್ರದ ದೊಡ್ಡ ಧೈರ್ಯ.

ಸತ್ತ ಮರವೊಂದರ ಬುಡದಲ್ಲಿ ಕೆಗೆ ಒಂದು ಪೆಟ್ಟಿಗೆ ಸಿಗುತ್ತದೆ. ಒಳಗೆ ಮೂಳೆಗಳು. ಹೆರಿಗೆಯಲ್ಲಿ ಸತ್ತ ಹೆಣ್ಣಿನ ಮೂಳೆಗಳು. ಆ ಹೆಣ್ಣು ರೆಪ್ಲಿಕೆಂಟ್. ತಯಾರಾದ ಜೀವ ಹೆತ್ತಿದೆ! ಮರದ ಬುಡದಲ್ಲಿ ಕೆತ್ತಿದ್ದ ತಾರೀಖೇ ಕೆಯ ಒಂದು ನೆನಪಿನಲ್ಲೂ ಇದೆ. ಅನಾಥಾಲಯದ ಹುಡುಗರು ಅಟ್ಟಿಸಿಕೊಂಡು ಬರುವಾಗ, ಒಂದು ಪುಟ್ಟ ಮರದ ಕುದುರೆಯನ್ನು ಕುಲುಮೆಯ ಬೂದಿಯಲ್ಲಿ ಬಚ್ಚಿಟ್ಟ ನೆನಪು. ಕುದುರೆಯ ಅಡಿಯಲ್ಲಿ ಅದೇ ತಾರೀಖು. ಕೆ ಅಲ್ಲಿಗೆ ಹೋಗುತ್ತಾನೆ, ಬೂದಿಗೆ ಕೈ ಹಾಕುತ್ತಾನೆ. ಕುದುರೆ ಅಲ್ಲೇ ಇದೆ. ಜೀವಂತ ಮರವೇ ಇಲ್ಲದ ಲೋಕದಲ್ಲಿ ಮರದ ಕುದುರೆ. ಅಂದರೆ ಆ ನೆನಪು ನಿಜ. ಅಂದರೆ ಆ ಮಗು ನಾನೇ?

ಮುಂದಿನ ಒಂದು ಗಂಟೆ ನಾವೂ ಅದನ್ನೇ ನಂಬುತ್ತೇವೆ. ಇಂಥ ಕಥೆಯನ್ನು ನಂಬಲು ನಮಗೆ ಬಾಲ್ಯದಿಂದಲೂ ತರಬೇತಿ ಇದೆ. ಆಮೇಲೆ ಒಂದೇ ಮಾತಿನಲ್ಲಿ ಅದು ಕುಸಿಯುತ್ತದೆ. ಹುಟ್ಟಿದ್ದು ಗಂಡಲ್ಲ, ಹೆಣ್ಣು. ನೆನಪುಗಳನ್ನು ಕಟ್ಟುವ ಆನಾ ಎಂಬ ತರುಣಿಯೇ ಆ ಮಗು. ಕುದುರೆ ಅವಳದ್ದು. ಕಾಯಿಲೆಯ ಕಾರಣಕ್ಕೆಂದು ಗಾಜಿನ ಕೋಣೆಯಲ್ಲೇ ಬದುಕುವ ಅವಳ ನಿಜ ಬಾಲ್ಯದ ಒಂದು ತುಣುಕು ಕೆಯ ತಲೆಯೊಳಗೆ ಸೇರಿಕೊಂಡಿತ್ತು. ಆ ಮಗು ತಾನೇ ಆಗಿರಲಿ ಎಂದು ಪ್ರತಿಯೊಬ್ಬ ರೆಪ್ಲಿಕೆಂಟೂ ಆಸೆಪಟ್ಟಿದ್ದ ಎಂಬುದು ಅವನಿಗೆ ಆಗ ಗೊತ್ತಾಗುತ್ತದೆ.

ನನಗೆ ಇಲ್ಲಿ ಕರ್ಣ ನೆನಪಾಗುತ್ತಾನೆ. ಪಂಪನಿಂದ ಕುಮಾರವ್ಯಾಸನವರೆಗೆ ಕನ್ನಡ ಕಾವ್ಯ ಕರ್ಣನ ಬಳಿಗೆ ಮತ್ತೆ ಮತ್ತೆ ಹೋಗಿದೆ. ಸೂತಪುತ್ರ ಎಂದು ಬದುಕಿದವನಿಗೆ ಯುದ್ಧದ ಹೊಸ್ತಿಲಲ್ಲಿ ನೀನು ಕುಂತಿಯ ಮಗ, ಪಾಂಡವರಲ್ಲಿ ಹಿರಿಯ ಎಂದು ತಿಳಿಸುತ್ತಾರೆ. ಎಲ್ಲವೂ ಸಿಗಬಹುದಾಗಿದ್ದ ಆ ಗಳಿಗೆಯಲ್ಲಿ ಅವನು ತಾನು ಉಂಡ ಅನ್ನದ ಕಡೆಗೇ ನಿಲ್ಲುತ್ತಾನೆ. ಕೆಯದು ಇದರ ತಿರುವುಮುರುವು. ನಾನು ದೊಡ್ಡ ಹುಟ್ಟಿನವನು ಎಂದುಕೊಂಡವನಿಗೆ ನೀನು ಯಾರ ಮಗನೂ ಅಲ್ಲ ಎಂದು ತಿಳಿಯುತ್ತದೆ. ಕೈಯಲ್ಲಿದ್ದದ್ದೆಲ್ಲ ಹೋಗುತ್ತದೆ. ಆದರೂ ಅವನು ಎದ್ದು ಹೋಗಿ ಬೇರೆಯವರ ತಂದೆಯಾದ ಡೆಕರ್ಡ್‌ನನ್ನು ಬೇರೆಯವರ ಮಗಳ ಬಳಿಗೆ ಮುಟ್ಟಿಸುತ್ತಾನೆ. ಕರ್ಣನ ಹುಟ್ಟು ಅವನ ಆಯ್ಕೆಯನ್ನು ಬದಲಿಸಲಿಲ್ಲ. ಕೆಗೆ ಹುಟ್ಟೇ ಇಲ್ಲ, ಆಯ್ಕೆ ಮಾತ್ರ ಇದೆ. ಹಾಲಿವುಡ್ಡಿನ ಇಷ್ಟು ದುಡ್ಡಿನ ಚಿತ್ರ ತನ್ನ ನಾಯಕನಿಗೆ 'ನೀನು ವಿಶೇಷನಲ್ಲ' ಎಂದು ಹೇಳಿ, ಅಲ್ಲಿಂದ ಅವನ ಘನತೆಯನ್ನು ಶುರು ಮಾಡುವುದು ಅಪರೂಪ.

ಈಗ ಬೆಳಕಿನ ವಿಷಯ. ರಾಜರ್ ಡೀಕಿನ್ಸ್ ಅವರ ಛಾಯಾಗ್ರಹಣವನ್ನು 'ಚೆನ್ನಾಗಿದೆ' ಎಂದು ಹೇಳಿ ಬಿಟ್ಟರೆ ಅನ್ಯಾಯವಾಗುತ್ತದೆ. ಈ ಲೋಕದಲ್ಲಿ ಪ್ರತಿ ಜಾಗಕ್ಕೂ ಅದರದೇ ಹವಾಮಾನವಿದೆ. ಲಾಸ್ ಏಂಜಲೀಸ್‌ಗೆ ಹಿಮ ಬೆರೆತ ಬೂದು, ಸ್ಯಾನ್ ಡಿಯೇಗೊದ ಕಸದ ಬೆಟ್ಟಗಳಿಗೆ ತುಕ್ಕಿನ ಬಣ್ಣ, ಪಾಳುಬಿದ್ದ ಲಾಸ್ ವೇಗಸ್‌ಗೆ ಕಿತ್ತಳೆ. 2009ರಲ್ಲಿ ಸಿಡ್ನಿ ನಗರವನ್ನು ಕೆಂಪು ಧೂಳಿನ ಬಿರುಗಾಳಿ ಮುಚ್ಚಿದಾಗಿನ ಫೋಟೊಗಳೇ ಆ ಕಿತ್ತಳೆಗೆ ಮೂಲ. ರೆಪ್ಲಿಕೆಂಟ್‌ಗಳನ್ನು ಈಗ ತಯಾರಿಸುವ ಕಂಪನಿಯ ಒಡೆಯ ವ್ಯಾಲೆಸ್‌ನ ಕೋಣೆಗಳಲ್ಲಿ ನೀರಿನ ಪ್ರತಿಫಲನ ಗೋಡೆಗಳ ಮೇಲೆ ಅಲೆಯಾಡುತ್ತಿರುತ್ತದೆ; ಸೂರ್ಯ ಕಾಣದ ಊರಿನಲ್ಲಿ ಇವನೊಬ್ಬನೇ ಸೂರ್ಯನನ್ನು ಕೊಂಡುಕೊಂಡಿದ್ದಾನೆ ಎಂದು ಮಾತಿಲ್ಲದೆ ಗೊತ್ತಾಗುತ್ತದೆ. ಬಹುಪಾಲು ಹಂಗೇರಿಯ ಬುಡಾಪೆಸ್ಟಿನಲ್ಲಿ ನಿಜವಾದ ಸೆಟ್ಟುಗಳನ್ನು ಕಟ್ಟಿ ಚಿತ್ರೀಕರಿಸಿದ್ದು. ನಗರದ ಕಟ್ಟಡಗಳಿಗೆ ದೊಡ್ಡ ಮಾದರಿಗಳನ್ನೂ ಮಾಡಿದ್ದರು. ನಟ ತಡವಿದ ಗೋಡೆ ನಿಜವಾಗಿದ್ದರೆ ನೋಡುವವರಿಗೂ ಆ ತಂಪು ತಾಗುತ್ತದೆ. ಡೀಕಿನ್ಸ್‌ಗೆ 2018ರಲ್ಲಿ ಆಸ್ಕರ್ ಬಂತು. ಅದು ಅವರ 14ನೇ ನಾಮನಿರ್ದೇಶನ, ಮೊದಲ ಗೆಲುವು. ದೃಶ್ಯ ಪರಿಣಾಮಗಳಿಗೂ ಪ್ರಶಸ್ತಿ ಸಿಕ್ಕಿತು.

ಸ್ಯಾನ್ ಡಿಯೇಗೊದ ಆ ಅನಾಥಾಲಯದಲ್ಲಿ ನೂರಾರು ಮಕ್ಕಳು ಸಾಲಾಗಿ ಕೂತು ಹಳೆಯ ಯಂತ್ರಗಳನ್ನು ಒಡೆದು ಲೋಹ ಬಿಡಿಸುತ್ತಾರೆ. ದೆಹಲಿಯ ಸೀಲಂಪುರದ ಇ-ತ್ಯಾಜ್ಯದ ಓಣಿಗಳ ಬಗ್ಗೆ ಓದಿದವರಿಗೆ ಇದು 2049 ಅನ್ನಿಸುವುದಿಲ್ಲ. ಆ ದೃಶ್ಯದಲ್ಲಿ ನನ್ನ ಹೊಟ್ಟೆ ಪ್ರತಿಸಲವೂ ತೊಳೆಸುತ್ತದೆ.

ದೌರ್ಬಲ್ಯಗಳಲ್ಲಿ ಮೊದಲನೆಯದು ಎಲ್ಲರೂ ಹೇಳುವಂಥದ್ದು: ಉದ್ದ. 163 ನಿಮಿಷ. ನನಗೆ ನಿಧಾನದ ಬಗ್ಗೆ ತಕರಾರಿಲ್ಲ. ಕೆ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ನಡೆಯುವಷ್ಟು ಹೊತ್ತು ನಾನೂ ನಡೆಯಲು ತಯಾರು. ತಕರಾರು ಇರುವುದು ವ್ಯಾಲೆಸ್‌ನ ಭಾಷಣಗಳ ಬಗ್ಗೆ. ಜ್ಯಾರೆಡ್ ಲೆಟೊ ಪಿಸುದನಿಯಲ್ಲಿ ದೇವದೂತರು, ಸೃಷ್ಟಿ ಎಂದು ಹೇಳುತ್ತಾ ಹೋಗುತ್ತಾರೆ. ಆ ಮಾತುಗಳ ಹಿಂದೆ ಒಬ್ಬ ವ್ಯಕ್ತಿ ಕಾಣುವುದಿಲ್ಲ. ಅವನ ಬಂಟಳಾಗಿ ಸಿಲ್ವಿಯಾ ಹೂಕ್ಸ್ ಮಾಡಿದ ಲವ್ ಎಂಬ ಪಾತ್ರ ಇದಕ್ಕೆ ತದ್ವಿರುದ್ಧ. ಒಡೆಯ ಕ್ರೌರ್ಯ ತೋರಿದಾಗ ಅವಳ ಮುಖ ಅಲುಗುವುದಿಲ್ಲ, ಕಣ್ಣಿನಿಂದ ನೀರು ಮಾತ್ರ ಇಳಿಯುತ್ತದೆ. ಒಡೆಯನಿಗೆ ಹತ್ತು ನಿಮಿಷದಲ್ಲಿ ಹೇಳಲಾಗದ್ದನ್ನು ಅವಳು ಒಂದು ಹನಿಯಲ್ಲಿ ಹೇಳುತ್ತಾಳೆ. ಆದರೆ ಚಿತ್ರಕಥೆ ಅವಳಿಗೂ ಮೋಸ ಮಾಡಿದೆ. ದಾರಿಗಡ್ಡ ಬಂದವರನ್ನೆಲ್ಲ ಕೊಲ್ಲುವವಳು ವೇಗಸ್ಸಿನಲ್ಲಿ ಗಾಯಗೊಂಡು ಬಿದ್ದ ಕೆಯನ್ನು ಜೀವಸಹಿತ ಬಿಟ್ಟು ಹೋಗುತ್ತಾಳೆ. ಏಕೆ? ಕಥೆ ಮುಂದೆ ಹೋಗಬೇಕಿತ್ತು, ಅಷ್ಟೆ.

ಇದಕ್ಕಿಂತ ಆಳದ ದೋಷ ಒಂದಿದೆ. ಹುಟ್ಟಿನಿಂದ ಯಾರೂ ದೊಡ್ಡವರಾಗುವುದಿಲ್ಲ ಎಂದು ಕೆಯ ಕಥೆ ಹೇಳುತ್ತದೆ. ಅವನ ಸುತ್ತಲಿನ ಕಥೆ ಮಾತ್ರ ಹುಟ್ಟನ್ನೇ ಪೂಜಿಸುತ್ತದೆ. ರೆಪ್ಲಿಕೆಂಟ್‌ಗಳಲ್ಲಿ ಒಂದು ಗುಪ್ತ ಪಡೆಯಿದೆ. ಆ ಪವಾಡದ ಮಗು ತಮಗೆ ಮುಂದಾಳಾಗುತ್ತಾಳೆ ಎಂದು ಅವರು ಕಾಯುತ್ತಿದ್ದಾರೆ. ಹೆರಲು ಸಾಧ್ಯವಾದರೆ ನಾವು ಗುಲಾಮರಲ್ಲ ಎಂಬುದು ಅವರ ವಾದ. ಹೆರಲಾರದವರು ಗುಲಾಮರೇ? ಈ ಪ್ರಶ್ನೆಯನ್ನು ಯಾವ ಪಾತ್ರವೂ ಕೇಳುವುದಿಲ್ಲ. ಆ ಪಡೆ ಒಂದೇ ದೃಶ್ಯದಲ್ಲಿ ಬಂದು ಕತ್ತಲಿಗೆ ಮರಳುತ್ತದೆ, ವ್ಯಾಲೆಸ್ ಕೊನೆಯಲ್ಲಿ ಏನಾದ ಎಂದು ಯಾರೂ ತೋರಿಸುವುದಿಲ್ಲ. ಮೂರನೇ ಭಾಗಕ್ಕೆಂದು ತೆಗೆದಿಟ್ಟ ಅಕ್ಕಿಯಂತೆ ಇವು ಉಳಿದುಹೋಗಿವೆ. ಇದೇ ನಿರ್ದೇಶಕ 2024ರಲ್ಲಿ 'ಡ್ಯೂನ್' ಚಿತ್ರದ ಎರಡನೇ ಭಾಗದಲ್ಲಿ ಅವತಾರಪುರುಷನ ಕಥೆಯನ್ನೇ ಕೈಗೆತ್ತಿಕೊಂಡು, ಆ ನಂಬಿಕೆಯನ್ನು ಒಪ್ಪದ ಚಾನಿ ಎಂಬ ತರುಣಿಯ ಮುಖದ ಮೇಲೆ ಚಿತ್ರವನ್ನು ಮುಗಿಸಿದರು. ಇಲ್ಲಿ ಕೇಳದೆ ಬಿಟ್ಟದ್ದನ್ನು ಅಲ್ಲಿ ಕೇಳಿದರು ಎಂದು ನಾನು ಓದಿಕೊಳ್ಳುತ್ತೇನೆ.

ಹೆಣ್ಣುಗಳ ವಿಷಯದಲ್ಲಿ ನನ್ನ ತಕರಾರು ವರ್ಷದಿಂದ ವರ್ಷಕ್ಕೆ ಬಲವಾಗಿದೆ. ಕೆಯ ಮನೆಯಲ್ಲಿರುವ ಜಾಯ್ ಬೆಳಕಿನಿಂದ ಮಾಡಿದ ಸಂಗಾತಿ, ವ್ಯಾಲೆಸ್‌ನ ಕಂಪನಿ ಮಾರುವ ಸರಕು. ಅವಳು ಅವನಿಗೆ 'ಜೋ' ಎಂದು ಹೆಸರಿಡುತ್ತಾಳೆ. ಅವಳು ನಾಶವಾದ ಮೇಲೆ ಸೇತುವೆಯ ಮೇಲೆ ಒಬ್ಬನೇ ನಡೆಯುವಾಗ ಆಕಾಶದೆತ್ತರದ ಬೆತ್ತಲೆ ಜಾಹೀರಾತಿನ ಹೆಣ್ಣು ಬಾಗಿ ಅವನನ್ನು ಅದೇ ಹೆಸರಿನಿಂದ ಕರೆಯುತ್ತದೆ. ಪ್ರೀತಿ ಎಂದುಕೊಂಡದ್ದು ಎಲ್ಲರಿಗೂ ಮಾರುವ ಮಾತಾಗಿತ್ತೇ? ಈ ದೃಶ್ಯ ಚಿತ್ರದ ಅತಿ ನೋವಿನ ಜಾಗಗಳಲ್ಲೊಂದು, ಅದನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ಆಗಷ್ಟೇ ಹುಟ್ಟಿದ ಹೆಣ್ಣು ರೆಪ್ಲಿಕೆಂಟಿನ ಹೊಟ್ಟೆಯನ್ನು ವ್ಯಾಲೆಸ್ ಸೀಳುವ ದೃಶ್ಯ ಇದೆಯಲ್ಲ, ಅಲ್ಲಿ ಕ್ಯಾಮೆರಾ ಅವಳ ಭಯವನ್ನು ನೋಡುವುದಕ್ಕಿಂತ ಮೈಯನ್ನು ಹೆಚ್ಚು ಹೊತ್ತು ನೋಡುತ್ತದೆ. ಹೆಣ್ಣನ್ನು ಸರಕು ಮಾಡುವ ಲೋಕವನ್ನು ತೋರಿಸುತ್ತೇನೆ ಎನ್ನುವ ಕಲಾವಿದ ಆ ಲೋಕದ ಕಣ್ಣನ್ನೇ ಎರವಲು ತರಬಾರದು. ಹಾಗೆಯೇ ಬೀದಿಯ ತುಂಬ ಜಪಾನಿ, ಕೊರಿಯನ್ ಅಕ್ಷರಗಳು ಮಿನುಗುತ್ತವೆ. ಆ ಭಾಷೆಗಳ ಜನಕ್ಕೆ ಕಥೆಯಲ್ಲಿ ಜಾಗವಿಲ್ಲ. ಈ ದೋಷ 1982ರಿಂದಲೇ ಬಂದ ಬಳುವಳಿ.

ಹಳೆಯದರ ಜೊತೆಗಿನ ಸಂಬಂಧವನ್ನೂ ನೋಡಬೇಕು. ಡೆಕರ್ಡ್ ಆಗಿ ಹ್ಯಾರಿಸನ್ ಫೋರ್ಡ್ ಬರುವುದು ಒಂದೂವರೆ ಗಂಟೆ ದಾಟಿದ ಮೇಲೆ. ತಾರೆಯನ್ನು ಅಷ್ಟು ತಡೆದು ಇಟ್ಟುಕೊಂಡದ್ದು ಸಂಯಮ. ಅವನು ಮನುಷ್ಯನೋ ಅಲ್ಲವೋ ಎಂಬುದಕ್ಕೆ ಉತ್ತರ ಕೊಡದೆ ಉಳಿಸಿದ್ದೂ ಸಂಯಮ. ವ್ಯಾಲೆಸ್ ಅವನೆದುರು ಆ ಮಗುವನ್ನು ಹೆತ್ತು ಸತ್ತ ಪ್ರೇಯಸಿ ರೇಚಲ್‌ಳ ನಕಲನ್ನು ತಂದು ನಿಲ್ಲಿಸುತ್ತಾನೆ. ಕಂಪ್ಯೂಟರಿನಲ್ಲಿ 1982ರ ಶಾನ್ ಯಂಗ್ ಅವರ ಮುಖವನ್ನೇ ಮರುಸೃಷ್ಟಿಸಿದ್ದಾರೆ. ಅವಳ ಕಣ್ಣು ಹಸಿರಾಗಿದ್ದವು ಎಂದು ಹೇಳಿ ಡೆಕರ್ಡ್ ಬೆನ್ನು ತಿರುಗಿಸುತ್ತಾನೆ. ಇಡೀ ಸಿನಿಮಾ ಉದ್ಯಮ ಹಳೆಯ ಮುಖಗಳನ್ನು ಮತ್ತೆ ತಯಾರಿಸಿ ಮಾರುತ್ತಿರುವ ಕಾಲದಲ್ಲಿ ಒಂದು ಮುಂದುವರಿದ ಭಾಗವೇ ಆ ನಕಲನ್ನು ಬೇಡ ಎನ್ನುತ್ತದೆ.

ಗಳಿಕೆ ಜಗತ್ತಿನಾದ್ಯಂತ 26 ಕೋಟಿ ಡಾಲರಿಗೂ ಹೆಚ್ಚು. ಕೇಳಲು ದೊಡ್ಡದು, ಚಿತ್ರಮಂದಿರಗಳ ಪಾಲು, ಪ್ರಚಾರದ ಖರ್ಚು ಕಳೆದರೆ ಸೋಲು. ಮೊದಲನೆಯದಕ್ಕೂ ಹೀಗೆಯೇ ಆಗಿತ್ತು.

ಈಗ ಕೊನೆಯ ನಾಲ್ಕು ನಿಮಿಷವನ್ನು ಪರದೆಯ ಮೇಲೆ ತೋರಿಸುತ್ತೇವೆ. ಕೆ ಹೊಟ್ಟೆಯ ಗಾಯವನ್ನು ಒತ್ತಿ ಹಿಡಿದು ಮೆಟ್ಟಿಲ ಮೇಲೆ ಒರಗುತ್ತಾನೆ. ಮೇಲಿನಿಂದ ಹಿಮ ಬೀಳುತ್ತದೆ. ಹಿಂದಿನ ಚಿತ್ರದಲ್ಲಿ ಮಳೆಯ ಸಾವಿಗೆ ಇದ್ದ ವ್ಯಾಂಜೆಲಿಸ್ ಅವರ ರಾಗ ಇಲ್ಲಿ ಮತ್ತೆ ಕೇಳುತ್ತದೆ. ಸಂಗೀತದ ಕಡೆ ಗಮನ ಹೋದರೆ ಹೋಗಲಿ, ಆದರೆ ಕೈಗಳನ್ನು ತಪ್ಪದೆ ನೋಡಿ. ಹೊರಗೆ ಕೆ ತನ್ನ ಅಂಗೈ ಚಾಚಿ ಹಿಮ ಹಿಡಿಯುತ್ತಾನೆ. ಒಳಗೆ, ಗಾಜಿನ ಆಚೆ, ಆನಾ ಕೂಡ ಹಿಮದಲ್ಲಿ ಕೈ ಚಾಚಿ ನಿಂತಿದ್ದಾಳೆ. ಅವಳದು ಯಂತ್ರ ಮಾಡಿದ ಹಿಮ.

ದೀಪ ಆರಿಸಿ.