ಕಛೇರಿಗೆ ಬಣ್ಣದ ಇಂಕ್‌ಜೆಟ್ ಮುದ್ರಕ: ಆಯ್ಕೆಗೆ ಮುನ್ನ

ಸಣ್ಣ ಕಛೇರಿಯೊಂದು ಬಣ್ಣದ ಮುದ್ರಕವನ್ನು ಕೊಳ್ಳಲು ಹೊರಟಾಗ ಮೊದಲು ಕೇಳುವುದು ಯಂತ್ರದ ಬೆಲೆಯನ್ನು. ಮೂರು ಅಂಗಡಿಗಳಿಂದ ದರಪಟ್ಟಿ ತರಿಸಿ, ಅತಿ ಕಡಿಮೆ ದರದ್ದನ್ನು ಮಂಜೂರು ಮಾಡಿದರೆ ಕೆಲಸ ಮುಗಿಯಿತೆಂಬ ಭಾವನೆ ಸಾಮಾನ್ಯ. ವರ್ಷ ಕಳೆದು ಲೆಕ್ಕಪತ್ರ ನೋಡುವಾಗ ಶಾಯಿಗೆ ತೆತ್ತ ಹಣ ಯಂತ್ರದ ಬೆಲೆಯ ಐದಾರು ಪಟ್ಟಾಗಿರುವುದು ತಿಳಿಯುತ್ತದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಸದಸ್ಯರ ವಂತಿಗೆಯಿಂದ ನಡೆಯುವ ಕನ್ನಡ ಸಂಘಗಳು, ಸಹಕಾರ ಸಂಸ್ಥೆಗಳು, ಶಾಲಾ ಸಮಿತಿಗಳಿಗೆ ಇದು ಸಣ್ಣ ಮಾತಲ್ಲ. ಅವುಗಳಿಗೆ ಇನ್ನೊಂದು ತೊಡಕೂ ಉಂಟು: ಯಂತ್ರ ಉತ್ತಮವಾಗಿದ್ದರೂ ಕನ್ನಡದ ಒತ್ತಕ್ಷರಗಳು ಕಾಗದದ ಮೇಲೆ ಒಡೆದು ಮೂಡಬಹುದು. ಮೊದಲನೆಯದು ಶಾಯಿಯ ಪ್ರಶ್ನೆ, ಎರಡನೆಯದು ತಂತ್ರಾಂಶದ ಪ್ರಶ್ನೆ.

ಇಂಕ್‌ಜೆಟ್ ಎಂದರೆ ಶಾಯಿಯನ್ನು ಸೂಕ್ಷ್ಮ ಹನಿಗಳಾಗಿ ಕಾಗದದ ಮೇಲೆ ಚಿಮ್ಮಿಸುವ ವಿಧಾನ. ಒಂದೊಂದು ಹನಿಯ ಗಾತ್ರ ಕೆಲವೇ ಪಿಕೊಲೀಟರ್. ಒಂದು ಪಿಕೊಲೀಟರ್ ಎಂದರೆ ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಹನಿಯನ್ನು ಹೊರದೂಡುವ ಬಗೆ ಎರಡು. ಉಷ್ಣ ವಿಧಾನದಲ್ಲಿ ಕ್ಷಣಮಾತ್ರದಲ್ಲಿ ಶಾಯಿ ಕಾದು, ಉಂಟಾದ ಗುಳ್ಳೆಯು ಹನಿಯನ್ನು ನೂಕುತ್ತದೆ. ಪೀಜೋ ವಿಧಾನದಲ್ಲಿ ವಿದ್ಯುತ್ತಿಗೆ ಒಳಗಾದ ಸ್ಫಟಿಕವು ಬಾಗಿ ಶಾಯಿಯನ್ನು ಒತ್ತುತ್ತದೆ. ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯ ಥಿಂಕ್‌ಜೆಟ್ 1984ರಲ್ಲಿ ಮೊದಲನೆಯ ವಿಧಾನವನ್ನು ಮೇಜಿನ ಮೇಲೆ ತಂದಿತು. ಎರಡನೆಯದು ಎಪ್ಸನ್ ಸಂಸ್ಥೆಯ ಮುದ್ರಕಗಳಲ್ಲಿ ಪ್ರಸಿದ್ಧ. ಅಗ್ಗದ ಉಷ್ಣ ಮುದ್ರಕಗಳಲ್ಲಿ ಚಿಮ್ಮಿಸುವ ತಲೆಯು ಕಾರ್ಟ್ರಿಜ್‌ನಲ್ಲಿಯೇ ಇರುವುದರಿಂದ, ಕಾರ್ಟ್ರಿಜ್ ಬದಲಾದಾಗ ತಲೆಯೂ ಹೊಸದಾಗುತ್ತದೆ. ತಲೆ ಯಂತ್ರದಲ್ಲಿಯೇ ಸ್ಥಿರವಾಗಿದ್ದರೆ ಶಾಯಿ ಅಗ್ಗವಾಗುತ್ತದೆ. ಆದರೆ ರಂಧ್ರಗಳು ಒಣಗಿ ಕಟ್ಟಿಕೊಂಡರೆ ದುರಸ್ತಿ ದುಬಾರಿ.

ಶಾಯಿಯ ಜಾತಿಯನ್ನು ಕೇಳಿ ತಿಳಿಯುವವರು ಕಡಿಮೆ. ಕೇಳಬೇಕಾದದ್ದು ಅದನ್ನೇ. ಬಣ್ಣವು ದ್ರವದಲ್ಲಿ ಪೂರ್ಣವಾಗಿ ಕರಗಿದ್ದರೆ ಅದು ಡೈ ಶಾಯಿ. ಸೂಕ್ಷ್ಮ ಕಣಗಳಾಗಿ ತೇಲುತ್ತಿದ್ದರೆ ಪಿಗ್ಮೆಂಟ್ ಶಾಯಿ. ಡೈ ಶಾಯಿಯ ಚಿತ್ರಗಳು ಹೊಳಪಾಗಿರುತ್ತವೆ. ಆದರೆ ಸಾಮಾನ್ಯ ಕಾಗದದ ಮೇಲೆ ನೀರು ಬಿದ್ದರೆ ಅಕ್ಷರ ಹರಡುತ್ತದೆ, ಬಿಸಿಲಿಗೆ ಬೇಗ ಮಾಸುತ್ತದೆ. ಸಮಾರಂಭದ ಆಹ್ವಾನಪತ್ರಿಕೆಗೆ ಇದರಿಂದ ಬಾಧೆಯಿಲ್ಲ. ಶಾಲೆಯ ವರ್ಗಾವಣೆ ಪತ್ರ, ಷೇರು ರಸೀದಿ, ಸೇವಾ ಪ್ರಮಾಣಪತ್ರಗಳ ಮಾತು ಬೇರೆ. ಮಳೆಯಲ್ಲಿ ನೆನೆದ ಪ್ರಮಾಣಪತ್ರದಲ್ಲಿ ಜನ್ಮದಿನಾಂಕ ಕದಡಿಹೋದರೆ ಕಷ್ಟಪಡುವವನು ಮುದ್ರಿಸಿದ ಗುಮಾಸ್ತನಲ್ಲ, ಅದನ್ನು ಹಿಡಿದು ಉದ್ಯೋಗಕ್ಕೆ ಅಲೆಯುವ ಹುಡುಗ. ಆದ್ದರಿಂದ ದಾಖಲೆಗಳನ್ನು ಕೊಡುವ ಕಛೇರಿಯು ಕನಿಷ್ಠ ಕಪ್ಪು ಬಣ್ಣವಾದರೂ ಪಿಗ್ಮೆಂಟ್ ಆಗಿರುವ ಮಾದರಿಯನ್ನೇ ಆರಿಸಬೇಕು. ಕಪ್ಪು ಪಿಗ್ಮೆಂಟ್, ಉಳಿದ ಮೂರು ಬಣ್ಣ ಡೈ ಎಂಬ ಮಾದರಿಗಳು ಮಾರುಕಟ್ಟೆಯಲ್ಲಿ ಸಾಕಷ್ಟಿವೆ. ಅಂಗಡಿಯಲ್ಲಿ ಮುದ್ರಿಸಿ ತೋರಿಸಿದ ಹಾಳೆಯ ಮೇಲೆ, ಅದು ಒಣಗಿದ ಬಳಿಕ, ಒದ್ದೆ ಬೆರಳನ್ನು ಎಳೆದು ನೋಡಿದರೆ ಯಾವ ಜಾಹೀರಾತೂ ಹೇಳದ ಸತ್ಯ ಗೊತ್ತಾಗುತ್ತದೆ.

ಇನ್ನು ವೆಚ್ಚ. ಉದಾಹರಣೆಗೆ, ಒಂದು ಕಾರ್ಟ್ರಿಜ್ ಮುದ್ರಕದ ಬೆಲೆ 4,000 ರೂಪಾಯಿ, 160 ಪುಟ ಬರುವ ಕಪ್ಪು ಕಾರ್ಟ್ರಿಜ್‌ನ ಬೆಲೆ 800 ರೂಪಾಯಿ ಎಂದಿಟ್ಟುಕೊಳ್ಳೋಣ. ಪುಟವೊಂದಕ್ಕೆ ಶಾಯಿಯ ಖರ್ಚು 5 ರೂಪಾಯಿ. ಶಾಯಿಯನ್ನು ಸೀಸೆಯಿಂದ ಸುರಿಯುವ ಟ್ಯಾಂಕ್ ಮುದ್ರಕಕ್ಕೆ 13,000 ರೂಪಾಯಿ, 4,500 ಪುಟ ಬರುವ ಸೀಸೆಗೆ 360 ರೂಪಾಯಿ ಎಂದಿರಲಿ. ಪುಟಕ್ಕೆ 8 ಪೈಸೆ. ತಿಂಗಳಿಗೆ 400 ಪುಟ ಮುದ್ರಿಸುವ ಕಛೇರಿಯು ಮೊದಲನೆಯದರಲ್ಲಿ ವರ್ಷಕ್ಕೆ 24,000 ರೂಪಾಯಿ ಶಾಯಿಗೆ ಸುರಿದರೆ, ಎರಡನೆಯದರಲ್ಲಿ 400 ರೂಪಾಯಿಗೂ ಕಡಿಮೆ. ಹೆಚ್ಚಾಗಿ ತೆತ್ತ 9,000 ರೂಪಾಯಿ ಐದನೆಯ ತಿಂಗಳಲ್ಲಿಯೇ ಮರಳಿ ಬರುತ್ತದೆ. ಈ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಮಾತ್ರ. ಪ್ರತಿ ಕಛೇರಿಯೂ ತನ್ನ ಊರಿನ ಅಂದಿನ ದರವನ್ನು ಹಾಕಿಕೊಂಡು ನೋಡಬೇಕು. ಎಪ್ಸನ್ ಸಂಸ್ಥೆಯು 2010ರಲ್ಲಿ ಇಂಡೋನೇಷ್ಯದಲ್ಲಿ ಟ್ಯಾಂಕ್ ಮಾದರಿಯನ್ನು ಮಾರಾಟಕ್ಕಿಟ್ಟ ಮೇಲೆ ಇತರ ತಯಾರಕರೂ ಇದೇ ದಾರಿಗೆ ಬಂದರು.

ಡಬ್ಬಿಯ ಮೇಲಿನ ಪುಟಸಂಖ್ಯೆಯನ್ನು ಎಚ್ಚರಿಕೆಯಿಂದ ಓದಬೇಕು. ಬಣ್ಣದ ಇಂಕ್‌ಜೆಟ್‌ಗಳಿಗೆ ಐಎಸ್‌ಒ/ಐಇಸಿ 24711 ಎಂಬ ಅಂತರರಾಷ್ಟ್ರೀಯ ಮಾನಕವಿದ್ದು, ಗೊತ್ತುಪಡಿಸಿದ ಮಾದರಿ ಪುಟಗಳನ್ನು ನಿರಂತರವಾಗಿ ಮುದ್ರಿಸಿ ಎಣಿಸಲಾಗುತ್ತದೆ. ದಿನಕ್ಕೆ ಎರಡೇ ಪುಟ ತೆಗೆಯುವ ಕಛೇರಿಗೆ ಆ ಸಂಖ್ಯೆ ದಕ್ಕದು. ತಲೆಯನ್ನು ಶುಚಿಗೊಳಿಸಲು ಯಂತ್ರವು ತಾನೇ ಶಾಯಿಯನ್ನು ಕುಡಿಯುತ್ತದೆ. ಹಾಗೆ ಚೆಲ್ಲಿದ ಶಾಯಿಯನ್ನು ಹೀರುವ ಮೆತ್ತೆ ತುಂಬಿದರೆ ಮುದ್ರಕ ನಿಂತುಬಿಡುವುದೂ ಉಂಟು. ಮೆತ್ತೆಯನ್ನು ಬದಲಿಸಲು ಊರಿನಲ್ಲಿ ಸೇವಾಕೇಂದ್ರ ಇದೆಯೇ ಎಂದು ಮೊದಲೇ ವಿಚಾರಿಸಬೇಕು. ಹವೆಯೂ ಲೆಕ್ಕಕ್ಕೆ ಬರುತ್ತದೆ. ದೆಹಲಿಯ ಮೇ ತಿಂಗಳ ಒಣಗಾಳಿಯಲ್ಲಿ ವಾರಗಟ್ಟಲೆ ಸುಮ್ಮನಿದ್ದ ಮುದ್ರಕದ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಮುಂಬಯಿಯ ಮಳೆಗಾಲದಲ್ಲಿ ಕಾಗದ ತೇವವನ್ನು ಹೀರಿ ಸುರುಳಿಯಾಗಿ ಸಿಕ್ಕಿಕೊಳ್ಳುತ್ತದೆ. ವಾರಕ್ಕೊಮ್ಮೆ ಬಣ್ಣದ ಪುಟವೊಂದನ್ನು ತೆಗೆಯುವುದು, ಬಿಚ್ಚಿದ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿಡುವುದು ಸುಲಭದ ಉಪಾಯಗಳು. ಅಪರೂಪಕ್ಕೆ ಮುದ್ರಿಸುವ, ಬಣ್ಣದ ಅಗತ್ಯವೂ ಇಲ್ಲದ ಕಛೇರಿಗೆ ಒಣಗುವ ಭಯವಿಲ್ಲದ ಪುಡಿಯನ್ನು ಬಳಸುವ ಲೇಸರ್ ಮುದ್ರಕವೇ ಲೇಸು.

ಕಡತದಲ್ಲಿರುವ ಪುಟವನ್ನು ಮುದ್ರಕವು ನೇರವಾಗಿ ಅರಿಯಲಾರದು. ಅದಕ್ಕೆ ಗೊತ್ತಿರುವುದು ಎಲ್ಲಿ ಯಾವ ಬಣ್ಣದ ಹನಿ ಬೀಳಬೇಕು, ಎಲ್ಲಿ ಬೀಳಬಾರದು ಎಂಬುದಷ್ಟೆ. ಅಕ್ಷರ, ಗೆರೆ, ಛಾಯಾಚಿತ್ರಗಳನ್ನು ಚುಕ್ಕೆಗಳ ಜಾಲವಾಗಿ ಪರಿವರ್ತಿಸುವುದೇ ಮುದ್ರಣ ಸಂಸ್ಕರಣ ತಂತ್ರಾಂಶದ ಕೆಲಸ. ಉದ್ಯಮದಲ್ಲಿ ಇದಕ್ಕೆ ರಿಪ್ ಎಂಬ ಹೆಸರು ರೂಢಿಯಲ್ಲಿದೆ. ಅಂಗುಲಕ್ಕೆ 600 ಚುಕ್ಕೆಗಳಂತೆ ಎ4 ಪುಟವೊಂದರಲ್ಲಿ ಸುಮಾರು 3.48 ಕೋಟಿ ಸ್ಥಾನಗಳಿವೆ. ಆಕಾಶನೀಲಿ, ಕಡುಗುಲಾಬಿ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಿಗೆ ಸೇರಿ 13 ಕೋಟಿಗೂ ಹೆಚ್ಚು ತೀರ್ಮಾನಗಳು ಒಂದೇ ಪುಟಕ್ಕೆ ಆಗಬೇಕು.

ಯಂತ್ರದೊಡನೆ ಉಚಿತವಾಗಿ ಬರುವ ಚಾಲಕ ತಂತ್ರಾಂಶವೂ ಇದೇ ಕೆಲಸವನ್ನು ಮಾಡುತ್ತದೆ. ಪತ್ರ, ಸುತ್ತೋಲೆ, ವಾರ್ತಾಪತ್ರಗಳಿಗೆ ಅದು ಧಾರಾಳವಾಗಿ ಸಾಕು. ಪೋಸ್ಟ್‌ಸ್ಕ್ರಿಪ್ಟ್ ಭಾಷೆಯ ಕಡತಗಳನ್ನು ಮುದ್ರಿಸಬೇಕಾದಾಗ 1988ರಿಂದ ಬೆಳೆದುಬಂದ ಘೋಸ್ಟ್‌ಸ್ಕ್ರಿಪ್ಟ್ ಎಂಬ ಮುಕ್ತ ತಂತ್ರಾಂಶವಿದೆ. ಹಣ ತೆತ್ತು ರಿಪ್ ಕೊಳ್ಳಬೇಕಾದವರು ಅಗಲವಾದ ಭಿತ್ತಿಪತ್ರ ತೆಗೆಯುವವರು, ಆಫ್‌ಸೆಟ್ ಮುದ್ರಣಾಲಯಕ್ಕೆ ಹೋಗುವ ಮುನ್ನ ಬಣ್ಣದ ಕರಡು ನೋಡಬೇಕಾದವರು, ಒಂದೇ ದೊಡ್ಡ ಹಾಳೆಯಲ್ಲಿ ಹಲವು ಚಿತ್ರಗಳನ್ನು ಜೋಡಿಸಿ ಕಾಗದ ಉಳಿಸಬೇಕಾದವರು. ಅಂಥವರು ಕ್ರಮವನ್ನು ತಿರುವುಮುರುವು ಮಾಡಬಾರದು. ರಿಪ್ ತಂತ್ರಾಂಶಗಳು ಸಾಮಾನ್ಯವಾಗಿ ತಮ್ಮ ಪಟ್ಟಿಯಲ್ಲಿರುವ ಮುದ್ರಕಗಳಿಗೆ ಮಾತ್ರ ಕೆಲಸ ಮಾಡುತ್ತವೆ. ಅನೇಕ ಪರವಾನಗಿಗಳು ಮುದ್ರಕದ ಸಂಖ್ಯೆಗೋ ಅಗಲಕ್ಕೋ ಕಟ್ಟುಬಿದ್ದಿರುತ್ತವೆ. ಮೊದಲು ಯಂತ್ರ ತಂದು ಆಮೇಲೆ ತಂತ್ರಾಂಶ ಹುಡುಕಿದರೆ ಎರಡೂ ಮೂಲೆ ಸೇರಬಹುದು. ತಂತ್ರಾಂಶದ ಪಟ್ಟಿ ನೋಡಿ, ಅದರೊಳಗಿನ ಮುದ್ರಕವನ್ನು ಆರಿಸುವುದೇ ಜಾಣತನ. ಬಳಸುವ ಕಾಗದಕ್ಕೂ ಶಾಯಿಗೂ ಹೊಂದುವ ಬಣ್ಣದ ವಿವರಕಡತ, ಅಂದರೆ ಐಸಿಸಿ ಪ್ರೊಫೈಲ್, ದೊರೆಯದಿದ್ದರೆ ದುಬಾರಿ ರಿಪ್ ಕೂಡ ಪರದೆಯ ಕುಂಕುಮದ ಕೆಂಪನ್ನು ಕಾಗದದ ಮೇಲೆ ಇಟ್ಟಿಗೆಯ ಬಣ್ಣವಾಗಿಸುತ್ತದೆ.

ಕನ್ನಡದ ವಿಷಯದಲ್ಲಿ ಪರೀಕ್ಷೆ ಇನ್ನೂ ಕಠಿಣ. ಹಳೆಯ ಕನ್ನಡ ಅಕ್ಷರಜಾಲಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಅಂಥ ಕಡತವನ್ನು ಆ ಅಕ್ಷರಜಾಲವಿಲ್ಲದ ಗಣಕಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನವಿದೆ. ಆದರೆ ಅಲ್ಲಿ ಒತ್ತುಗಳನ್ನು ಜೋಡಿಸುವ ಹೊಣೆ ಪುಟ ಕಟ್ಟುವ ತಂತ್ರಾಂಶದ್ದು. ಆ ಶಕ್ತಿಯಿಲ್ಲದ ತಂತ್ರಾಂಶದಲ್ಲಿ ‘ರಾಷ್ಟ್ರ’ ಎಂಬುದು ‘ರಾಷ್‌ಟ್‌ರ’ ಎಂದು ಒಡೆಯುತ್ತದೆ. ಇಂಥ ದೋಷಕ್ಕೆ ಮುದ್ರಕವನ್ನು ದೂಷಿಸಿ ಪ್ರಯೋಜನವಿಲ್ಲ. ಕಡತವನ್ನು ಅಕ್ಷರಜಾಲ ಸಹಿತವಾಗಿ ಪಿಡಿಎಫ್ ಮಾಡಿಟ್ಟರೆ, ಜೋಡಣೆಯಾದ ಅಕ್ಷರರೂಪಗಳೇ ಅದರೊಳಗೆ ಸೇರುವುದರಿಂದ ಮುಂದಿನ ಯಂತ್ರಕ್ಕೆ ಕನ್ನಡ ತಿಳಿಯದಿದ್ದರೂ ಅಕ್ಷರ ಕೆಡುವುದಿಲ್ಲ.

ಖರೀದಿಗೆ ಹೊರಡುವವರು ಅಂಗಡಿಯವರ ಹೂವು-ಗಿಳಿಗಳ ಮಾದರಿ ಚಿತ್ರವನ್ನು ನಂಬದೆ, ತಮ್ಮದೇ ಪುಟವೊಂದನ್ನು ಒಯ್ಯಬೇಕು. ‘ಸ್ತ್ರೀ’, ‘ಲಕ್ಷ್ಮೀ’, ‘ರಾಷ್ಟ್ರ’, ಅರ್ಕಾವೊತ್ತು ಬರುವ ‘ಸರ್ಕಾರ’ ಎಂಬ ಪದಗಳು ಎಂಟು ಅಂಶದ ಸಣ್ಣ ಅಕ್ಷರದಲ್ಲಿಯೂ ಇಪ್ಪತ್ತನಾಲ್ಕರ ದಪ್ಪ ಅಕ್ಷರದಲ್ಲಿಯೂ ಇರಲಿ. ಜೊತೆಗೆ ಸಂಸ್ಥೆಯ ಬಣ್ಣದ ಲಾಂಛನ, ಮನುಷ್ಯರ ಮುಖವಿರುವ ಒಂದು ಛಾಯಾಚಿತ್ರ. ಕಛೇರಿಯಲ್ಲಿ ಬಳಸುವ ಸಾಮಾನ್ಯ ಕಾಗದವನ್ನೇ ಕೊಟ್ಟು ಮುದ್ರಿಸಲು ಹೇಳಬೇಕು. ಸಣ್ಣ ಅಕ್ಷರದ ಒತ್ತುಗಳೊಳಗಿನ ಬಿಳಿ ಜಾಗ ಶಾಯಿ ಹರಡಿ ಮುಚ್ಚಿಹೋಗಿದ್ದರೆ ಆ ಯಂತ್ರವನ್ನು ಅಲ್ಲಿಯೇ ಬಿಡುವುದು ಒಳ್ಳೆಯದು. ಹೊರಗಿನ ಶಾಯಿ ತುಂಬಿದರೆ ಖಾತರಿಯ ಗತಿಯೇನೆಂಬುದನ್ನು ಬರಹದಲ್ಲಿ ಪಡೆಯಬೇಕು. ಕೆಟ್ಟ ಮುದ್ರಕವೂ ಬರಿದಾದ ಕಾರ್ಟ್ರಿಜ್‌ಗಳೂ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವಿದ್ಯುನ್ಮಾನ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಸೇರಿವೆ. ಅವನ್ನು ಕಸದ ತೊಟ್ಟಿಗೆ ಹಾಕದೆ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕು, ಕೊಟ್ಟದ್ದಕ್ಕೆ ರಸೀದಿ ಪಡೆದು ದಾಸ್ತಾನು ಪುಸ್ತಕದಲ್ಲಿ ನಮೂದಿಸಬೇಕು.