ಮೊಸಳೆಯ ಕಾಣೆಯಾದ ನೆಂಟರು

(ಕೂಕಟ್‌ಪಲ್ಲಿಯಲ್ಲಿ ನಡೆದ ಮಹಿಳಾ ವೇದಿಕೆಯ ಕೂಟದಲ್ಲಿ ಆಡಿದ ಮಾತುಗಳು)

ಇಷ್ಟು ದಿನ ಹಬ್ಬ, ಅಡುಗೆ, ಆರೋಗ್ಯದ ಬಗ್ಗೆ ಕೇಳಿದ ನಿಮ್ಮ ಮುಂದೆ ಮೊಸಳೆ ಹಿಡಿದುಕೊಂಡು ಬಂದಿದ್ದೇನೆ, ಸಹಿಸಿಕೊಳ್ಳಿ.

ಮೊದಲು ಒಂದು ತಪ್ಪೊಪ್ಪಿಗೆ. ಜೀವಶಾಸ್ತ್ರದ ಟೀಚರಾಗಿ ವರ್ಷಗಟ್ಟಲೆ "ಮೊಸಳೆ ಕೋಟ್ಯಂತರ ವರ್ಷಗಳಿಂದ ಬದಲಾಗದ ಪ್ರಾಣಿ" ಎಂದು ಪಾಠ ಹೇಳಿದೆ. ಮಕ್ಕಳು ಹಾಗೇ ಬರೆದರು, ನಾನು ಅಂಕ ಕೊಟ್ಟೆ. ರಜೆಗೆ ಬಂದ ಮೊಮ್ಮಗನನ್ನು ನಮ್ಮ ಬಿರ್ಲಾ ವಿಜ್ಞಾನ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಹಳೆಯ ಆದಿಲಾಬಾದ್ ಜಿಲ್ಲೆಯ ಯಾಮನ್‌ಪಲ್ಲಿಯ ಕೋಟಸಾರಸ್ ಡೈನೋಸಾರ್ ನಿಂತಿದೆಯಲ್ಲ, ಅದನ್ನು ನೋಡಿ "ಅಜ್ಜಿ, ಆಗ ಮೊಸಳೆ ಹೇಗಿತ್ತು?" ಎಂದ. "ಈಗಿನ ಹಾಗೇ ಕಣೋ" ಎಂದೆ. ಮನೆಗೆ ಬಂದು ಓದಿದ ಮೇಲೆ ನಾಚಿಕೆಯಾಯಿತು.

ದೂರ ಹೋಗುವುದು ಬೇಡ. ಅದೇ ಗೋದಾವರಿ ಕಣಿವೆಯಲ್ಲಿ ಮಾಲೇರಿ ಎಂಬ ಊರಿನ ಹೆಸರು ಹೊತ್ತ ಕೆಂಪು ಮಣ್ಣಿನ ಪದರಗಳಿವೆ, ಸುಮಾರು 22 ಕೋಟಿ ವರ್ಷ ಹಳೆಯವು. ಅಲ್ಲಿ ಸಿಕ್ಕ ಪ್ಯಾರಾಸೂಕಸ್ ನೋಡಲು ಥೇಟ್ ಮೊಸಳೆ. ಆದರೆ ಮೂಗಿನ ಹೊಳ್ಳೆ ಮೂತಿಯ ತುದಿಯಲ್ಲಿಲ್ಲ, ಕಣ್ಣಿನ ಹತ್ತಿರ! ಶಂಕರ್ ಚಟರ್ಜಿ 1978ರಲ್ಲಿ ಅದರ ವಿವರ ಪ್ರಕಟಿಸಿದರು. ಅದು ಎಷ್ಟು ದೂರದ ನೆಂಟ ಎಂಬುದರಲ್ಲಿ ತಜ್ಞರಲ್ಲೇ ಜಗಳವಿದೆ, ನಮ್ಮ ಮದುವೆ ಮನೆಗಳ ಹಾಗೆ. ಅದೇ ಕಣಿವೆಯ ಇನ್ನೊಂದು ಪದರದಲ್ಲಿ ಸಿಕ್ಕು, 2023ರಲ್ಲಿ ಹೆಸರು ಪಡೆದ ವೆಂಕಟಸೂಕಸ್ ಮೈತುಂಬ ಎಲುಬಿನ ಫಲಕ ಹೊದ್ದ ಗುಂಪಿನದು. ಆ ಗುಂಪಿನ ಹೆಚ್ಚಿನವು ಬೇಟೆಗಾರರಲ್ಲ, ಸೊಪ್ಪುಸದೆ ತಿನ್ನುವವು.

ಅಮೆರಿಕದ ಎಫಿಜಿಯಾ ಕಥೆ ನನಗೆ ತುಂಬ ಇಷ್ಟ. 1940ರ ದಶಕದಲ್ಲಿ ಅಗೆದು ತಂದ ಬಂಡೆ ಪ್ಲಾಸ್ಟರ್ ಕಟ್ಟಿನಲ್ಲೇ ನ್ಯೂಯಾರ್ಕಿನ ಮ್ಯೂಸಿಯಂನಲ್ಲಿ ಬಿದ್ದಿತ್ತು. ಕೊನೆಗೆ ಬಿಚ್ಚಿ ನೋಡಿ 2006ರಲ್ಲಿ ಹೆಸರಿಟ್ಟರು: ಎರಡೇ ಕಾಲಲ್ಲಿ ಓಡುವ, ಹಲ್ಲಿಲ್ಲದ ಕೊಕ್ಕಿನ ಮೊಸಳೆ ಬಂಧು! ಮಡಗಾಸ್ಕರಿನ ಸೈಮೊಸೂಕಸ್ ಮುಕ್ಕಾಲು ಮೀಟರ್ ಉದ್ದ, ಮೊಂಡು ಮುಖ, ಲವಂಗದಂಥ ಹಲ್ಲು, ಸಸ್ಯಾಹಾರಿ. ಸಮುದ್ರದಲ್ಲಿದ್ದ ಕೆಲವಕ್ಕೆ ಕಾಲೆಲ್ಲ ಹುಟ್ಟಿನಂತೆ, ಬಾಲ ಮೀನಿನಂತೆ.

ಸುಮಾರು 20 ಕೋಟಿ ವರ್ಷದ ಹಿಂದಿನ ಮಹಾ ಅಳಿವಿನಲ್ಲಿ ಈ ಬಳಗದ ಬಹುಪಾಲು ಹೋಯಿತು. ಉಳಿದ ಕವಲುಗಳೂ ಮತ್ತೆ ಚಿಗುರಿ, ಒಂದೊಂದಾಗಿ ಒಣಗಿದವು. ನೀರಂಚಿನಲ್ಲಿ ಹೊಂಚು ಹಾಕುವ ಕವಲಷ್ಟೇ ಇಂದಿಗೆ ಬಂತು. ಅದನ್ನೇ ನಾವು ಇಡೀ ವಂಶ ಎಂದುಕೊಂಡೆವು. ನಮ್ಮ ದೇಶದಲ್ಲಿ ಈಗ ಮೂರೇ ಜಾತಿ. ಅದರಲ್ಲಿ ಘರಿಯಾಲ್ ಅಳಿವಿನ ಅಂಚಿನಲ್ಲಿದೆ.

ಬದುಕಿರುವ ಜೀವಿಗಳಲ್ಲಿ ಮೊಸಳೆಗೆ ಹತ್ತಿರದ ಬಂಧು ಹಲ್ಲಿಯಲ್ಲ, ಹಕ್ಕಿ. ರಂಗನತಿಟ್ಟಿಗೆ ಹೋದಾಗ ಮರದ ಮೇಲಿನ ಕೊಕ್ಕರೆಯನ್ನೂ ಕೆಳಗೆ ಬಂಡೆಯ ಮೇಲಿನ ಮೊಸಳೆಯನ್ನೂ ಒಟ್ಟಿಗೆ ನೋಡಿ. ಎರಡೂ ಗೂಡು ಕಾಯುತ್ತವೆ. ಮೊಸಳೆ ತಾಯಿ ಮರಿಗಳನ್ನು ಬಾಯಲ್ಲೇ ನೀರಿಗೆ ಒಯ್ಯುತ್ತಾಳೆ.

ಇದೆಲ್ಲ ಮೊಮ್ಮಗನಿಗೆ ಫೋನ್ ಮಾಡಿ ಹೇಳಿದೆ. ಕೇಳಿಸಿಕೊಂಡು, "ಹಾಗಾದರೆ ಅಜ್ಜಿ, ಆವತ್ತಿನ ಉತ್ತರಕ್ಕೆ ನಿನಗೆ ಸೊನ್ನೆ" ಎಂದ.